ನಿಕಾನೊರನ ಹಿತ್ತಲಿನ ಖಾಲಿ ಕುರ್ಚಿ

‘ಏಡಿಗಳು’ ಎಂಬ ಬೇಸ್‌ಬಾಲ್ ತಂಡ ಸತತ ಎಂಟು ಪಂದ್ಯ ಗೆದ್ದಿತ್ತು. ಇದೊಂದನ್ನೂ ಗೆದ್ದರೆ ಪ್ಲೇಆಫ್, ಸೋತರೆ ಗಂಟುಮೂಟೆ ಕಟ್ಟಿ ಮನೆಗೆ. ಡಿಸೆಂಬರಿನ ಆ ಭಾನುವಾರ ಮಧ್ಯಾಹ್ನ ಮಿನೆರ್ವಾಳ ಅಂಗಡಿಯ ಕಪ್ಪುಬಿಳುಪು ಟಿವಿಯ ಮುಂದೆ ಕೂತವರಲ್ಲಿ ಒಬ್ಬನೂ ಜಾಗ ಬದಲಿಸಿರಲಿಲ್ಲ. ಎಲಿಹಿಯೊ ತನ್ನ ಮಾಮೂಲಿ ರಮ್ ಪೆಟ್ಟಿಗೆಯ ಮೇಲಿದ್ದ. ಮೈಮೇಲೆ ಎಂಟು ಪಂದ್ಯಗಳಿಂದ ನೀರು ಕಾಣದ ಅದೇ ಕೆಂಪು ಅಂಗಿ. ಪಕ್ಕದವರು ಮೂಗು ಮುಚ್ಚಿಕೊಂಡರೇ ಹೊರತು ಒಗೆ ಅನ್ನಲಿಲ್ಲ. ಮಿನೆರ್ವಾ ಪೊರಕೆ ಮುಟ್ಟುವಂತಿರಲಿಲ್ಲ. ಗೆಲ್ಲುತ್ತಿರುವಾಗ ಯಾವುದನ್ನೂ ಕದಲಿಸಬಾರದು. ಬರಾಹೋನಾ ಊರಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಒಬ್ಬ ಮಾತ್ರ ಅಲ್ಲಿರಲಿಲ್ಲ, ನಿಕಾನೊರ್. ಎಲಿಹಿಯೊನ ಮಗಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡು ನಿಂತ ಕಂಪಾದ್ರೆ ಅವನು, ಒಡಹುಟ್ಟಿದವನಷ್ಟೇ ಹತ್ತಿರದವನು. ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇಬ್ಬರೂ ಒಂದೇ ಬುತ್ತಿ ಹಂಚಿಕೊಂಡು ಉಂಡಿದ್ದರು. ನವೆಂಬರಿನಲ್ಲಿ ಏಡಿಗಳು ಸೋತು ಸುಣ್ಣವಾಗಿದ್ದಾಗ, ಮೂರು ಸಲ, ನಿಕಾನೊರ್ ಅಂಗಡಿಯೊಳಗೆ ಕಾಲಿಟ್ಟ ಗಳಿಗೆಗೇ ಎದುರಾಳಿಗಳು ಹೋಮ್‌ರನ್ ಹೊಡೆದಿದ್ದರು. "ಎಂಥಾ ಕಾಲ್ಗುಣನೋ ನಿಂದು ಕಂಪಾದ್ರೆ! ನೀನು ಫುಕು ಕಣೋ!" ಎಂದು ನಕ್ಕವನು ಈ ಎಲಿಹಿಯೊನೇ. ತಮಾಷೆಗೆ ಅಂದದ್ದು. ಆದರೆ ಅನಿಷ್ಟ ತರುವವನು ಅಂತ ಒಮ್ಮೆ ಹೆಸರು ಬಿತ್ತೋ, ಕಥೆ ಮುಗಿಯಿತು. ಮರುದಿನ ಅವನ ಕುರ್ಚಿಯನ್ನು ಯಾರೋ ಬೋರಲು ಹಾಕಿದ್ದರು. ನಿಕಾನೊರ್ ಕುರ್ಚಿ ನೋಡಿದ, ಎಲಿಹಿಯೊನ ಮುಖ ನೋಡಿದ. ಎಲಿಹಿಯೊ ಟಿವಿ ನೋಡಿದ. ನಿಕಾನೊರ್ ಹೊರಟುಹೋದ.

ಅವತ್ತಿನಿಂದಲೇ ತಂಡ ಗೆಲ್ಲತೊಡಗಿತು. ಇನ್ನು ಅವನನ್ನು ವಾಪಸ್ ಕರೆಯುವ ಎದೆಗಾರಿಕೆ ಯಾರಿಗಿದೆ? ಎಲಿಹಿಯೊಗಂತೂ ಇರಲಿಲ್ಲ, ಹೇಡಿ. ರಾತ್ರಿ ಹಾಸಿಗೆಯಲ್ಲಿ ಹೊರಳಾಡುತ್ತಿದ್ದ, ಬೆಳಗ್ಗೆ ಅದೇ ಅಂಗಿ ತೊಡುತ್ತಿದ್ದ.

ಒಂಬತ್ತನೆಯ, ಕಡೆಯ ಇನಿಂಗ್ಸ್. ಏಡಿಗಳದ್ದು ಮೂರು ರನ್, ಎದುರಾಳಿ ಉತ್ತರದವರದ್ದು ಎರಡು. ಈಗ ಉತ್ತರದವರ ಬ್ಯಾಟಿಂಗ್. ಮೂವರನ್ನು ಔಟ್ ಮಾಡಿದರೆ ಸಾಕು. ಒಬ್ಬ ಔಟಾದ. ಅಷ್ಟರಲ್ಲಿ ಕರೆಂಟ್ ಹೋಯಿತು.

"ಇವ್ರ ಮನೆ ಹಾಳಾಗ! ಈಗ್ಲೇ ತೆಗೀಬೇಕಿತ್ತಾ?" ಮಿನೆರ್ವಾ ಕಿರುಚಿಕೊಂಡಳು.

ಓಣಿಯ ಹಾಡುಗಳೆಲ್ಲ ಒಮ್ಮೆಗೇ ನಿಂತಿದ್ದವು. ಆ ಮೌನದಲ್ಲಿ ಕಾಮೆಂಟರಿಯ ದನಿಯೊಂದು ಸಣ್ಣಗೆ ಕೇಳಿಸಿತು. ಬರುತ್ತಿದ್ದದ್ದು ನಿಕಾನೊರನ ಹಿತ್ತಲಿನಿಂದ! ಇಡೀ ಅಂಗಡಿಯೇ ಎದ್ದು ಅತ್ತ ಓಡಿತು.

ನಿಕಾನೊರ್ ತೊಡೆಯ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಒಂದು ಖಾಲಿ ಕುರ್ಚಿ.

"ನೀನು… ಪಂದ್ಯ ಕೇಳ್ತಿದೀಯಾ?" ಎಲಿಹಿಯೊ ತೊದಲಿದ.

"ಕೇಳ್ದೆ ಇನ್ನೇನ್ಮಾಡ್ಲಿ? ನಮ್ಮ ತಂಡ ಅಲ್ವಾ?"

"ಇವತ್ತೊಂದಿನ ಮಾತ್ರಾನಾ?"

"ಎಂಟೂ ಕೇಳಿದೀನಿ. ಒಂದು ಬಾಲೂ ಬಿಟ್ಟಿಲ್ಲ."

ಎಲಿಹಿಯೊ ಟ್ರಾನ್ಸಿಸ್ಟರನ್ನೇ ನೋಡಿದ. ಗೆದ್ದದ್ದೆಲ್ಲ ಇವನು ಕೇಳುತ್ತಿರುವಾಗಲೇ! ಹಾಗಾದರೆ ಯಾವ ತಪ್ಪಿಗೆ ಇವನನ್ನು ಹೊರಗೆ ಹಾಕಿದ್ದು?

ಅಡುಗೆಮನೆ ಬಾಗಿಲಲ್ಲಿ ನಿಕಾನೊರನ ಹೆಂಡತಿ ಬ್ರಿಹಿದಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಪ್ರತಿಸಲ ಎರಡು ಕುರ್ಚಿ ಹಾಕ್ತಾರಪ್ಪಾ ನಮ್ಮೆಜಮಾನ್ರು. ಒಂದು ನಿಂಗೆ. ಕಂಪಾದ್ರೆ ಇವತ್ತು ಬಂದೇ ಬರ್ತಾನೆ, ಕಾಫಿ ಮಾಡಿಡು ಅಂತ. ಎಂಟು ಸಲಾನೂ ನಿನ್ನ ಕಾಫಿ ನಾನೇ ಕುಡ್ದೆ."

ರೇಡಿಯೊ ಹೇಳುತ್ತಲೇ ಇತ್ತು: ಇನ್ನೊಬ್ಬ ಔಟ್. ಮತ್ತೊಬ್ಬ ಹೊಡೆದು ಮೊದಲನೆಯ ಬೇಸ್ ಮುಟ್ಟಿದ. ಈಗ ಬಂದವನಿಗೆ ಎರಡು ಸ್ಟ್ರೈಕ್. ಇನ್ನೊಂದು ಬಿದ್ದರೆ ಅವನೂ ಔಟ್, ಏಡಿಗಳಿಗೆ ಪ್ಲೇಆಫ್.

"ಕೂತ್ಕೊ," ಎಂದ ನಿಕಾನೊರ್.

"ಕೂತ್ಕೋಬೇಡ್ವೋ!" ಮಿನೆರ್ವಾ ಚೀರಿದಳು. "ಎಂಟು ಪಂದ್ಯ ಆ ಕುರ್ಚಿ ಖಾಲಿ ಇತ್ತು! ಈಗ ಕೂತ್ರೆ ನಿನ್ನ ಕಾಲು ಮುರೀತೀನಿ!"

ಅವಳ ಮಾತು ಸುಳ್ಳಲ್ಲ. ಅಂಗಡಿಯ ಕಾನೂನು ಎಲಿಹಿಯೊಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇನ್ನು ಒಂದೇ ಒಂದು ಬಾಲ್, ನಿಂತೇ ಇದ್ದರಾಯಿತು. ನಿಕಾನೊರ್ ಎರಡನೆಯ ಸಲ ಕರೆಯಲಿಲ್ಲ. ಅಂಗೈಯಿಂದ ಕುರ್ಚಿಯ ಧೂಳು ಒರೆಸಿದ, ಅಷ್ಟೇ.

ಎಲಿಹಿಯೊ ಕೂತುಬಿಟ್ಟ.

ರೇಡಿಯೊದೊಳಗೆ ಸಾವಿರಾರು ಜನ ಒಟ್ಟಿಗೆ ಕಿರುಚಿದರು. ಚೆಂಡು ಬೇಲಿ ದಾಟಿ ಹೋಗಿತ್ತು. ಹೋಮ್‌ರನ್. ಬೇಸಿನಲ್ಲಿದ್ದವನೂ ಹೊಡೆದವನೂ ಸುತ್ತು ಹಾಕಿ ಬಂದರು. ನಾಲ್ಕು-ಮೂರು. ಉತ್ತರದವರು ಗೆದ್ದರು.

ಮೊದಲು ಬಾಯಿ ಬಂದದ್ದು ಮಿನೆರ್ವಾಳಿಗೆ.

"ಫುಕು! ನೀನೇ ಕಣೋ ಫುಕು, ದರಿದ್ರದವ್ನೇ! ಮುಂದಿನ ಸೀಸನ್‌ಗೆ ನನ್ನ ಅಂಗಡಿ ಮೆಟ್ಲು ಹತ್ತು, ಆಮೇಲಿದೆ ನಿಂಗೆ!"

"ಅವ್ನಿಗೆ ಇಲ್ಲೇ ಕುರ್ಚಿ ಇದೆ, ಬಿಡಮ್ಮ," ಎಂದ ನಿಕಾನೊರ್.

ಬೈದುಕೊಳ್ಳುತ್ತ, ಕೆಲವರು ಅಳುತ್ತ, ಎಲ್ಲರೂ ಹೊರಟುಹೋದರು. ಎಲಿಹಿಯೊಗೆ ಏಳಲಾಗಲಿಲ್ಲ. ಪ್ಲೇಆಫ್ ಕೈತಪ್ಪಿತ್ತು, ಅದೂ ತನ್ನಿಂದ. ಆದರೂ ತಲೆಯಲ್ಲಿ ಸುತ್ತುತ್ತಿದ್ದದ್ದು ತಾನು ಬಂದು ಕುಡಿಯದ ಆ ಎಂಟು ಲೋಟ ಕಾಫಿ. ನಾಚಿಕೆಯಿಂದ ಅವನಿಗೆ ಅಳು ಬಂತು.

"ಕಂಪಾದ್ರೆ, ನಾನು…"

"ಮೊದ್ಲು ಆ ಅಂಗಿ ಬಿಚ್ಚಿ ಬ್ರಿಹಿದಾ ಕೈಗೆ ಕೊಡು ಮಾರಾಯ," ನಿಕಾನೊರ್ ರೇಡಿಯೊ ಆರಿಸಿದ. "ನಾರ್ತಿದೀಯ."

ಎಲಿಹಿಯೊ ಒಂದೊಂದೇ ಗುಂಡಿ ಬಿಚ್ಚತೊಡಗಿದ.