ದೆವ್ವಕ್ಕೆ ಕೊಟ್ಟ ಅಳು

"ಸುಮ್ನಿರ್ರಲಾ, ಈಗ ಬತ್ತದ, ಈಗ ಬತ್ತದ," ಅಂತ ಅಡಿಗೆಯ ಮೂಗಯ್ಯ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ನಿಲ್ಲಿಸಿದ. ಊಟಿಗೆ ಹೋಗುವವರ ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಗುಂಡ್ಲುಪೇಟೆಯ ಆ ಹಳೇ ಲಾಡ್ಜಿನ ಅಡಿಗೆಮನೆಯಲ್ಲಿ ಪಾತ್ರೆ ಮಾತ್ರ ಉಳಿದಿದ್ದ ಹೊತ್ತು. ರೂಮು ಗುಡಿಸುವ ಶಾಂತಿ ಅಕ್ಕಿಮೂಟೆಯ ಮೇಲೆ ಕೂತಿದ್ದಳು. ಹಾಸಿಗೆ ಬಟ್ಟೆ ಒಗೆಯುವ ದೊಡ್ಡಮಾದಮ್ಮ ಒದ್ದೆ ಕೈ ಸೆರಗಿಗೆ ಒರೆಸುತ್ತಾ ಬಾಗಿಲಲ್ಲೇ ನಿಂತಿದ್ದಳು.

ಫೋನಿನಲ್ಲಿ ಇದೇ ಲಾಡ್ಜು. ಆದರೆ ಗುರುತು ಸಿಗದ ಹಾಗೆ ಹೊಗೆ ಬಿಟ್ಟು, ಗೋಡೆಗೆ ಪಾಚಿಬಣ್ಣ ಬಳಿದಿದ್ದರು. ಯಾವುದೋ ದೆವ್ವದ ಕಾದಂಬರಿಯನ್ನು ಆರು ಕಂತಿನ ಸೀರಿಯಲ್ಲು ಮಾಡಿದ್ದರಲ್ಲ, ಅದರ ಮೂರನೇ ಕಂತು; ಬಂದು ವಾರವಾಗಿದ್ದರೂ ಇವರು ನೋಡುತ್ತಿದ್ದದ್ದು ಈಗಲೇ. ಚೆಂದದ ಹುಡುಗಿಯೊಬ್ಬಳು ದೀಪ ಹಿಡಿದು ಮೆಟ್ಟಿಲು ಹತ್ತುತ್ತಾಳೆ. ಮೇಲಿನ ರೂಮಿನ ಬಾಗಿಲು ಮುಚ್ಚಿದೆ. ಅದರ ಹಿಂದಿನಿಂದ ಒಂದು ದನಿ ಸಣ್ಣಗೆ ಎದ್ದು, ಎಳೆದು, ಒಡೆದು ಬರುತ್ತದೆ:

"ಚಿಕ್ಕೂಸೇ... ಬಾಗ್ಲ ತೆಗಿ ಚಿಕ್ಕೂಸೇ... ನಾ ಬಂದಿವ್ನಿ ಕಣೇ..."

ಶಾಂತಿ ಬೆಚ್ಚಿ ದೊಡ್ಡಮಾದಮ್ಮನ ಕಡೆ ತಿರುಗಿದಳು. "ಅಯ್ಯೋ ಮಾದಪ್ಪ, ಅಕ್ಕಾ, ಇನ್ನು ನಿನ್ ಜೊತ ಮ್ಯಾಲಿನ್ ರೂಮ್ಗ ನಾ ಬರನಾರಿ ಕಣ."

"ಅವಳ ಜೊತೆಗ್ಯಾಕ ಭಯ? ದೆವ್ವದ ದನಿನೇ ಅವ್ಳದು ಅಂದ್ಮೇಲ ಬ್ಯಾರೆ ದೆವ್ವ ಬಂದಾದಾ?" ಅಂದ ಮೂಗಯ್ಯ. ಇಬ್ಬರೂ ನಕ್ಕರು.

ದೊಡ್ಡಮಾದಮ್ಮ ನಗಲಿಲ್ಲ. "ಮೂಗಣ್ಣ, ಇದು ಕುದೇರ್ಲೂ ಬತ್ತದಾ?"

"ಕುದೇರ್ನೋರೇನು ಫೋನ್ ಇಟ್ಕಂಡಿಲ್ವಾ?"

ಅವಳು ಹಿತ್ತಲಿಗೆ ಹೋಗಿ, ಒಮ್ಮೆ ಹಿಂಡಿದ್ದ ಬಟ್ಟೆಯನ್ನೇ ಮತ್ತೆ ಹಿಂಡಿದಳು.

ಅಳುವುದು ಅಂದರೆ ಬರೀ ಕಣ್ಣೀರು ಹಾಕುವುದಲ್ಲ. ಸತ್ತವರ ಹೆಸರು ಹಿಡಿದು, ಅವರು ಉಂಡದ್ದು, ಉಟ್ಟದ್ದು, ನಡೆದದ್ದು ಒಂದೊಂದನ್ನೇ ಎತ್ತಿ ಆಡಿಕೊಂಡು, ಕೇಳುವವರ ಎದೆ ಬಿರಿಯುವ ಹಾಗೆ ಕಳಿಸಿಕೊಡುವುದು. ದೊಡ್ಡಮಾದಮ್ಮ ಅದರಲ್ಲಿ ಎತ್ತಿದ ಕೈ. ಸುತ್ತಲ ಊರುಗಳಲ್ಲಿ ಯಾರು ತೀರಿಕೊಂಡರೂ, "ದೊಡ್ಡಮಾದಮ್ಮ ಬಂದ್ಳಾ?" ಅಂತ ಕೇಳಿದ ಮೇಲೇ ಹೆಣ ಎತ್ತುತ್ತಿದ್ದರು. ಲಾಡ್ಜಿನಲ್ಲಿ ಸೀರಿಯಲ್ಲು ತೆಗೆಯಲು ಬಂದಿದ್ದ ಸಿನಿಮಾದವರ ಕಿವಿಗೆ ಮೂಗಯ್ಯ ಈ ಮಾತನ್ನು ಹಾಕಿದ್ದ. ಅವರು ಮೈಸೂರಿನಿಂದ ಕರೆಸಿದ್ದ ನಟಿ ಅತ್ತರೆ ಬಿಕ್ಕಳಿಕೆ ಬಂದ ಹಾಗಿತ್ತಂತೆ.

"ಅಮ್ಮಾ, ಕಥೆ ಇಷ್ಟೇ," ಅಂದಿದ್ದ ಕುರುಚಲು ಗಡ್ಡದ ಡೈರೆಕ್ಟರು. "ಈ ಹೋಟೆಲಿನಲ್ಲಿ ಒಬ್ಬಳ ಮಗು ತೀರಿಕೊಂಡಿದೆ. ಅವಳೂ ಸತ್ತು, ಈಗಲೂ ಮಗುವನ್ನು ಹುಡುಕ್ತಾ ಅಳ್ತಾಳೆ. ನಿಮಗೆ ಹೇಗೆ ಬರುತ್ತೋ ಹಾಗೆ ಅಳಿ."

"ಮಗೀನ್ ಯೆಸ್ರೇನು ಸಾಮಿ?"

"ಕಾದಂಬರಿಯಲ್ಲಿ ಹೆಸರಿಲ್ಲ. ಸುಮ್ಮನೆ ಅಳಿ ಸಾಕು."

"ಯೆಸ್ರಿಲ್ದೆ ಅಳಕಾದ್ದಾ?" ಅಂತ ಅವಳು ನಕ್ಕಿದ್ದಳು. ಅವನಿಗೆ ಅರ್ಥವಾಗಲಿಲ್ಲ. ಕಿವಿಗೆ ಯಂತ್ರ ಹಾಕಿಕೊಂಡ ಹುಡುಗನೊಬ್ಬ ಬೆಕ್ಕಿನ ಬಾಲದಂಥ ಮೈಕನ್ನು ಅವಳ ಬಾಯಿಯ ಮುಂದೆ ಹಿಡಿದ. ದೊಡ್ಡಮಾದಮ್ಮ ಮೇಲಿನ ರೂಮಿನ ನೆಲದಲ್ಲಿ ಕೂತು ಹೆಸರು ಹುಡುಕಿದಳು. ಬದುಕಿರುವವರ ಹೆಸರು ಹಿಡಿದು ಅಳಬಾರದು, ಅದು ಸಾವನ್ನೇ ಕೂಗಿ ಕರೆದಂತೆ. ಒಮ್ಮೆ ಅತ್ತು ಕಳಿಸಿದವರನ್ನು ಮತ್ತೆ ಎಬ್ಬಿಸಬಾರದು. ಅವ್ವ, ಅಪ್ಪ, ಗಂಡ, ಎಲ್ಲರನ್ನೂ ಅತ್ತು ಕಳಿಸಿದ್ದಾಗಿತ್ತು. ಸತ್ತವರಲ್ಲಿ ಅವಳು ಅಳದೆ ಉಳಿದಿದ್ದ ಹೆಸರು ಒಂದೇ ಒಂದು. ಬಾಯಿ ತೆರೆದದ್ದೇ ತಡ, ಅದು ತಾನಾಗಿ ಬಂತು.

ಮುಗಿಸುವ ಹೊತ್ತಿಗೆ ಮೈಕಿನ ಹುಡುಗ ಕಣ್ಣೊರೆಸಿಕೊಳ್ಳುತ್ತಿದ್ದ. ಡೈರೆಕ್ಟರು ಕೈಮುಗಿದಿದ್ದ. "ಚಿಕ್ಕೂಸು ಅಂದ್ರೆ ಚಿಕ್ಕ ಕೂಸು ಅಲ್ವಾ? ಕಥೆಗೆ ಹೇಳಿ ಮಾಡಿಸಿದ ಹಾಗೆ ಸಿಕ್ಕಿತಮ್ಮ." ಅಲ್ಲ ಸಾಮಿ, ಅದು ನನ್ನ ತಂಗಿ ಅಂತ ಅವಳು ಹೇಳಲಿಲ್ಲ.

ತಂಗಿಯ ಹೆಸರು ಚಿಕ್ಕಮಾದಮ್ಮ. ಅಕ್ಕ ಕರೆದದ್ದು ಚಿಕ್ಕೂಸು. ಮದುವೆಯಾಗಿ ಕುದೇರಿಗೆ ಹೋದಾಗ ಹೆಸರೂ ಜೊತೆಗೆ ಹೋಗಿ, ಊರಿನವರ ಬಾಯಲ್ಲಿ ಚಿಕ್ಕೂಸಮ್ಮ ಆಯಿತು. ಅವಳ ಮಗಳು ಭಾನುವನ್ನು ಬಾಣಂತನದಿಂದ ಹಿಡಿದು ಎತ್ತಿ ಆಡಿಸಿದವಳು ದೊಡ್ಡಮಾದಮ್ಮನೇ. ಅದೇ ಭಾನುವಿನ ಮದುವೆಯಲ್ಲಿ, ಚಪ್ಪರದಡಿ ಹೆಣ್ಣಿಗೆ ಅರಿಶಿನ ಹಚ್ಚಲು ಬಟ್ಟಲಿಗೆ ಕೈಯಿಟ್ಟಾಗ, ತಂಗಿ ಅವಳ ಮುಂಗೈ ಹಿಡಿದಳು. "ಅಕ್ಕಾ, ನೀ ಒಳಗ ಅನ್ನದ ಕಡ ನೋಡ್ಕ ಹೋಗು." ಮೆಲ್ಲಗೇ ಅಂದದ್ದು. ಗಂಡನಿಲ್ಲದವಳ ಕೈ ಅಂತ ಬಾಯಿಬಿಟ್ಟು ಅನ್ನಲೂ ಇಲ್ಲ. ದೊಡ್ಡಮಾದಮ್ಮ ಒಳಗೆ ಹೋದಳು, ಕೊನೇ ಪಂಕ್ತಿಯವರೆಗೂ ಬಡಿಸಿದಳು, ಒಂದು ತುತ್ತೂ ಉಣ್ಣದೆ ಹೊರಟು ನಿಂತಳು. "ಇನ್ನು ನಿನ್ ಹೊಸ್ಲ ನಾ ತುಳುದ್ರ ಕೇಳು."

ಒಮ್ಮೆ ತಂಗಿಯೇ ಲಾಡ್ಜಿಗೆ ಹುಡುಕಿಕೊಂಡು ಬಂದಿದ್ದಳು, ಕೈಯಲ್ಲಿ ಅವರೆಕಾಯಿಯ ಚೀಲ. ದೊಡ್ಡಮಾದಮ್ಮ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದವಳು, "ಇಲ್ಲ ಅಂದ್ಬುಡು" ಅಂತ ಶಾಂತಿಗೆ ಹೇಳಿ, ಎರಡು ಬಿಳೀ ಹಾಸುಗಳ ಸಂದಿಯಿಂದ ನೋಡಿದಳು. ಚಿಕ್ಕೂಸು ಚೀಲವನ್ನು ಮೆಟ್ಟಿಲ ಮೇಲಿಟ್ಟು, ತಲೆಯೆತ್ತಿ ತಾರಸಿಯ ಕಡೆ ಒಂದು ಗಳಿಗೆ ನೋಡಿ ಹೋದಳು. ಕಂಡಿತೋ ಇಲ್ಲವೋ.

ಆಮೇಲೆ ಬಂದದ್ದು ಸಾವಿನ ಫೋನು. ದೊಡ್ಡಮಾದಮ್ಮ ಓಡಿ ಬಸ್ಸು ಹಿಡಿದಳು, ಸಂತೆಮರಹಳ್ಳಿಯವರೆಗೂ ಹೋದಳು. ಅವತ್ತು ಸಂತೆ. ಕುದೇರಿನ ಬಸ್ಸು ಬಂದು ನಿಂತಿತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಇದ್ದಾಗ ಬಾರದವಳು ಸತ್ತ ಮೇಲೆ ಸೊಲ್ಲೆತ್ತಿ ಅಳಲು ಬಂದಳು ಅನ್ನುತ್ತಾರೆ. ಅನ್ನಲಿ. ಹೋಗಲೇಬೇಕು. ಮುಂದಿನ ಬಸ್ಸಿಗೆ ಹೋಗೋಣ. ಹೀಗೇ ಅಂದುಕೊಂಡು ಈರುಳ್ಳಿ ಮೂಟೆಯ ಪಕ್ಕ ಕೂತವಳು, ಅಲ್ಲಿ ಮಣ್ಣು ಮುಗಿಯಿತು ಅಂತ ಯಾರೋ ಹೇಳಿದ ಮೇಲೆ ವಾಪಸು ಬಸ್ಸು ಹತ್ತಿದ್ದಳು.

ಅಡಿಗೆಮನೆಯಲ್ಲಿ ಸೀರಿಯಲ್ಲು ನೋಡಿದ ಆ ಸಂಜೆಯೇ ಭಾನುವಿನ ಫೋನು ಬಂತು.

"ದೊಡ್ಡವ್ವ, ಆ ಸೀರಿಯಲ್ನಾಗ, ಅದು ನಿನ್ ದನಿ ಅಲ್ವಾ?"

"ಹೂಂ ಕಣವ್ವ."

ಆ ಕಡೆ ಎಲ್ಲೋ ಹಸು ಕೂಗಿದ್ದು ಕೇಳಿಸಿತು. "ನಮ್ಮವ್ವನ ಮಣ್ಣಿಗ ಬರ್ನಿಲ್ಲ. ಲಾಡ್ಜಲ್ಲಿ ಅತ್ತಿಯಲ್ಲ," ಅಂದು ಭಾನು ಇಟ್ಟುಬಿಟ್ಟಳು.

ಬೆಳಿಗ್ಗೆ ದೊಡ್ಡಮಾದಮ್ಮ ಶಾಂತಿಗೆ ಕೆಲಸ ಒಪ್ಪಿಸಿದಳು. ಚಾಮರಾಜನಗರದಲ್ಲಿ ಬಸ್ಸು ಬದಲಿಸಿದಳು, ಸಂತೆಮರಹಳ್ಳಿಯಲ್ಲಿ ಇಳಿದು, ಕುದೇರಿನ ಬಸ್ಸು ಬಂದ ಕೂಡಲೇ, ಯೋಚನೆಗೆ ಜಾಗ ಕೊಡದೆ ಹತ್ತಿ ಕೂತಳು. ಹೋಗಿ ಮಣ್ಣು ಮಾಡಿದ ಗುಡ್ಡೆಯ ಮುಂದೆ ಕೂತು ತಂಗಿಯನ್ನು ಸರಿಯಾಗಿ ಅತ್ತು ಕಳಿಸಬೇಕು. ಭಾನು ಬೈದರೆ ಬೈಯಲಿ, ಒಂದೆರಡು ಏಟು ಹೊಡೆದರೂ ಸರಿ. ಅಳು ಕೇಳಿದರೆ ಅವಳ ಮನಸ್ಸು ಕರಗದೆ ಇರುತ್ತದಾ? ಎಷ್ಟು ಕಲ್ಲುಗಳು ಕರಗಿಲ್ಲ.

ಭಾನುವನ್ನು ಊರಲ್ಲೇ ಸೋದರತ್ತೆಯ ಮಗನಿಗೆ ಕೊಟ್ಟಿದ್ದರು. ತವರಿನ ಬೀದಿಯಲ್ಲೇ ಮನೆ. ಬಿಸಿಲಿಗೆ ಬಾಗಿಲು ಹಾಕಿತ್ತು. ದೊಡ್ಡಮಾದಮ್ಮ ಜಗಲಿಗೆ ಹತ್ತಿ, ಯಾರ ಮನೆಗೆ ಹೋದರೂ ಕೂಗುವ ಹಾಗೆ ಕೂಗಿದಳು.

"ಬಾಗ್ಲ ತೆಗಿಯವ್ವ, ನಾ ಬಂದಿವ್ನಿ."

ಒಳಗಿನಿಂದ ಮಗುವೊಂದು ಕಿಟ್ಟನೆ ಚೀರಿತು. ಪಾತ್ರೆ ಬಿದ್ದ ಸದ್ದು, ಓಡಿದ ಸದ್ದು. "ಅವ್ವಾ, ಚಿಕ್ಕೂಸು ಬಂತು, ಚಿಕ್ಕೂಸು ಬಂತು, ತೆಗಿಬ್ಯಾಡ."

ದೊಡ್ಡಮಾದಮ್ಮ ಎತ್ತಿದ ಕೈಯನ್ನು ಬಾಗಿಲ ಮೇಲೆ ಇಡಲಾರದೆ, ಇಳಿಸಲಾರದೆ ನಿಂತಳು.

ಬಾಗಿಲು ತೆರೆದ ಭಾನು ಅತ್ತಿರಲಿಲ್ಲ, ಬೈಯಲೂ ಇಲ್ಲ. ಥೇಟು ತಾಯಿಯ ಮುಖ. ಸೊಂಟದಲ್ಲಿ ಮಗಳು ನಯನಾ, ತಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿ ನಡುಗುತ್ತಿದ್ದಳು.

"ಬೀದಿ ಐಕ್ಳೆಲ್ಲ ಇದ್ನೇ ಆಡ್ತಾವ ದೊಡ್ಡವ್ವ. ಕತ್ತಲಾದ್ರ ಸಾಕು, ಬಾಗ್ಲ ಬಡುದು, ಚಿಕ್ಕೂಸೇ ಅಂತ ಕೂಗಿ ಓಡೋಯ್ತವ. ಇವ್ಳು ಹಿತ್ಲಿಗೂ ಒಬ್ಳೇ ಹೋಗಲ್ಲ ಈಗ." ಮಗಳ ಬೆನ್ನು ಸವರಿದಳು. "ಇವ್ಳಜ್ಜಿ ಯೆಸ್ರು ಕಣ ಅದು. ಹೆಂಗ ಹೇಳನ?"

"ತೆಪ್ಪಾಯ್ತು ಕಣವ್ವ."

"ಒಳಗ ಬಾ."

"ಮೊದ್ಲು ಅಲ್ಲಿಗ ಹೋಗನ."

ಗುಡ್ಡೆ ಹೊಲದ ಮೂಲೆಯಲ್ಲಿತ್ತು. ಅರಿಶಿನದ ಬೆಳೆಯ ಬದುವಿನಲ್ಲಿ ನಯನಾಳನ್ನು ಸೊಂಟದಲ್ಲೇ ಹೊತ್ತು ಭಾನು ಮುಂದೆ ನಡೆದಳು. ಮಳೆಗೆ ಮಣ್ಣು ಕುಸಿದು, ಗರಿಕೆ ಹಬ್ಬಿ, ಗುಡ್ಡೆ ಅಂತ ಗೊತ್ತಿದ್ದವರಿಗೆ ಮಾತ್ರ ಗೊತ್ತು. ದೊಡ್ಡಮಾದಮ್ಮ ಕಾಲು ಮಡಿಸಿ ಕೂತು, ಸೆರಗು ಬಿಗಿದಳು. ಎದೆಯಿಂದ ಎದ್ದದ್ದು ಗಂಟಲಿಗೆ ಬಂತು. ಅವರೆಕಾಯಿ ಚೀಲ, ತಾರಸಿಯ ಕಡೆ ಎತ್ತಿದ ಮುಖ, ಸಂತೆಯ ಈರುಳ್ಳಿ ಮೂಟೆ, ಎಲ್ಲವೂ ಸಾಲಾಗಿ ಬಂದು ನಿಂತವು. ಬಾಯಿ ತೆರೆದಳು.

"ದೊಡ್ಡವ್ವ." ಭಾನು ಬಗ್ಗಿ ಅವಳ ಹೆಗಲು ಮುಟ್ಟಿದಳು. ಮೆಲ್ಲಗೇ ಅಂದಳು. "ಅಳ್ಬ್ಯಾಡ. ಕೂಸು ಎದ್ರಿಕತದ."

ದೊಡ್ಡಮಾದಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬೆನ್ನು ಒಂದೆರಡು ಸಲ ಕುಲುಕಿತು. ಸದ್ದು ಬರಲಿಲ್ಲ. ಆಮೇಲೆ, ಕೈಗೆ ಬೇರೇನೂ ತೋಚದೆ, ಗರಿಕೆ ಕೀಳತೊಡಗಿದಳು.

ಇಣುಕಿ ನೋಡಲು ಬಗ್ಗಿದ ನಯನಾಳ ಕಾಲಿನಿಂದ ಒಂದು ಚಪ್ಪಲಿ ಜಾರಿ ಕಿತ್ತ ಹುಲ್ಲಿನ ಮೇಲೆ ಬಿತ್ತು. ದೊಡ್ಡಮಾದಮ್ಮ ಅದನ್ನೆತ್ತಿ ಮಣ್ಣು ಒರೆಸಿ, ತಲೆಯೆತ್ತದೆ, ಇಳಿಬಿದ್ದಿದ್ದ ಪುಟ್ಟ ಪಾದದ ಹತ್ತಿರ ಹಿಡಿದಳು. ಪಾದ ಹಿಂದಕ್ಕೆ ಸರಿಯಿತು. ಅವಳು ಹಾಗೇ ಹಿಡಿದುಕೊಂಡು ಕೂತಳು. ಸ್ವಲ್ಪ ಹೊತ್ತಿನ ಮೇಲೆ ಹೆಬ್ಬೆರಳೊಂದು ಮುಂದೆ ಬಂದು, ಚಪ್ಪಲಿಯ ಬಾರನ್ನು ತಡವಿ ಹುಡುಕಿತು.