ಗೌಡರ ಅಂಬಾಸಿಡರ್

ಅಜಯಗೌಡ ಹಳೆಯ ಕಾರಿನ ಬಾನೆಟ್ಟಿನ ಮೇಲಿದ್ದ ಹುಲ್ಲಿನ ಹೊರೆ ಸರಿಸಿದಾಗ ಒಳಗಿದ್ದ ಹೇಂಟೆಗಳು ಕಿರುಚುತ್ತ ಕಿಟಕಿಯಿಂದ ಹೊರಗೆ ಹಾರಿದವು. ಮಾಗ್ದಲೀನಾ ಅಂಗಳದಲ್ಲಿ ಸೀಗೆಕಾಯಿ ಹರವುತ್ತಿದ್ದಳು. ಏಳಲಿಲ್ಲ.

"ಮಾಗ್ದಲೀನಾಬಾಯಿ, ಮಗಳ ಮದವಿ ಐತಿ. ಅಜ್ಜನ ಅಂಬಾಸಿಡರದಾಗ ಮೆರವಣಿಗಿ ಆಗಬೇಕಂತ ಹಟಾ ಹಿಡದಾಳ. ರಿಪೇರಿ ನಾನs ಮಾಡಿಸ್ಕೋತೇನಿ, ನೀವು ಕೇಳಿದಷ್ಟು ಕೊಡ್ತೇನಿ."

ಗೌಡರ ಮನೆಯವರು ಅವಳಿಗೆ 'ನೀವು' ಅಂದದ್ದು ಅದೇ ಮೊದಲು.

"ನಿಮ್ಮ ಅವ್ವಾರು ಬಂದು ಕೇಳ್ಲಿ," ಅಂದಳು.

ಒಂದು ಕಾಲಕ್ಕೆ ಊರಿಗೆಲ್ಲ ಇದ್ದದ್ದು ಅದೊಂದೇ ಕಾರು. ಸಂತೆಯ ದಿನ ಹಳಿಯಾಳಕ್ಕೆ ಹೊರಟರೆ ಹುಡುಗರು ಧೂಳಿನಲ್ಲಿ ಅದರ ಹಿಂದೆ ಓಡುತ್ತಿದ್ದರು. ಮಾಗ್ದಲೀನಾಳ ತಂಗಿ ಲೀನಾಳ ಹೆರಿಗೆ ಕಟ್ಟಿಕೊಂಡ ಬೆಳಿಗ್ಗೆ ಅಪ್ಪ ಅಂತೋನಿ ಗೌಡರ ಕಟ್ಟೆಯ ಕೆಳಗೆ ಕೈಮುಗಿದು ನಿಂತಿದ್ದ. ಗೌಡರು ಊರಲ್ಲಿರಲಿಲ್ಲ. ಹೊಸ್ತಿಲಲ್ಲಿ ನಿಂತು ಅವರ ಹೆಂಡತಿ ಅನ್ನಪೂರ್ಣಾಬಾಯಿ ಹೇಳಿದ್ದಳು: "ಸೀಟು ಹೊಲಸಾಗತೈತಿ. ನಾಳಿಗೆ ಉಳವಿ ಜಾತ್ರಿಗೆ ಹೋಗೂದೈತಿ ನಮಗ. ಚಕ್ಕಡ್ಯಾಗ ಒಯ್ರಿ."

ಚಕ್ಕಡಿ ಹಳ್ಳ ದಾಟುವಷ್ಟರಲ್ಲಿ ಲೀನಾ ಅಕ್ಕನ ತೊಡೆಯ ಮೇಲೆಯೇ ಹೋಗಿಬಿಟ್ಟಳು. ಕೂಸೂ ಉಳಿಯಲಿಲ್ಲ.

ಗೌಡರು ತೀರಿಕೊಂಡ ಮೇಲೆ ಕಾರು ಗುಜರಿಯವನ ಪಾಲಾಯಿತು. ಎಮ್ಮೆ ತರಲು ಹೊರಟಿದ್ದ ಗಂಡ ಅಂಕುಶನನ್ನು ತಡೆದು ಮಾಗ್ದಲೀನಾ ಅದನ್ನೇ ತರಿಸಿದಳು. ಓಡದ ಗಾಡಿ ಯಾಕೆಂದು ಅವನು ಕೇಳುತ್ತಲೇ ಇದ್ದ. ಅದರೊಳಗೆ ಕೋಳಿ ಬಿಟ್ಟಳು. ಹಿಂದಿನ ಸೀಟನ್ನು ಒಂದು ದಿನವೂ ಒರೆಸಲಿಲ್ಲ.

ಮರುದಿನ ಅನ್ನಪೂರ್ಣಾಬಾಯಿ ಕೋಲೂರಿಕೊಂಡು ಬಂದಳು. ಮಾಗ್ದಲೀನಾ ಹಿಂದಿನ ಬಾಗಿಲು ತೆಗೆದು ನಿಂತಳು.

"ಕುಂದರ್ರಿ ಅವ್ವಾರ."

"ಇದರಾಗ? ಕೋಳಿ ಹೊಲಸ ಐತೆಲ್ಲವಾ."

"ಕಾರು ಬೇಕಂದ್ರ ಕುಂದರ್ರಿ."

"ಕುಂದರಬೇ, ಒಂದೆರಡು ಮಿನಿಟು," ಎಂದ ಅಜಯ, ನೆಲ ನೋಡುತ್ತ.

ಮುದುಕಿ ಬಿಳಿ ಸೀರೆ ಒತ್ತಿ ಹಿಡಿದು ಕೂತಳು. ಮಾಗ್ದಲೀನಾ ಬಾಗಿಲು ಹಾಕಿದಳು. ಅದರ ಒಳಗಿನ ಹಿಡಿಕೆ ಎಂದೋ ಮುರಿದಿತ್ತು.

"ನಮ್ಮ ಲೀನಾಗ ಈ ಸೀಟು ಕೊಡಲಿಲ್ಲ ನೀವು."

"ಯಾವ ಲೀನಾ?"

ನಟನೆಯಲ್ಲ, ನಿಜಕ್ಕೂ ನೆನಪಿರಲಿಲ್ಲ. ಮುದುಕಿ ಸುಳ್ಳು ಹೇಳಬಹುದು, ಅತ್ತು ಕರೆಯಬಹುದು ಎಂದು ಇಷ್ಟು ವರ್ಷ ಎಣಿಸಿದ್ದ ಮಾಗ್ದಲೀನಾಳಿಗೆ ಮರೆತೇ ಹೋಗಿರಬಹುದೆಂದು ಹೊಳೆದಿರಲಿಲ್ಲ. ಕಿಟಕಿಗೆ ಮೊಣಕೈ ಊರಿ ಹೇಳತೊಡಗಿದಳು. ಅಪ್ಪ ಕೈಮುಗಿದದ್ದು, ಹೊಸ್ತಿಲಲ್ಲಿ ಬಂದ ಮಾತು, ಚಕ್ಕಡಿಯ ಹಲಗೆಯ ಸಂದಿನಿಂದ ರಕ್ತ ದಾರಿಗೆ ತೊಟ್ಟಿಕ್ಕಿದ್ದು, ಕೂಸಿನ ತಲೆಯಲ್ಲಿ ಒತ್ತಾಗಿ ಕೂದಲಿದ್ದದ್ದು.

ಅಜಯ ಬಾಗಿಲಿಗೆ ಕೈ ಹಾಕಿದ.

"ಮುಟ್ಟಬ್ಯಾಡ್ರಿ," ಅಂದಳು. ಅವನು ಕೈ ತೆಗೆದ.

"ಸಾಕು ಬಿಡವಾ," ಎಂದಳು ಮುದುಕಿ.

"ಇನ್ನೂ ಐತ್ರಿ."

ಎಲ್ಲ ಹೇಳಿ ಮುಗಿಸಿಯೇ ಬಾಗಿಲು ತೆಗೆದಳು. "ಕಾರು ಕೊಡಾಂಗಿಲ್ಲ. ಹೋಗಿ ಬರ್ರಿ."

"ಮತ್ತ ನಮ್ಮವ್ವನ್ನ ಯಾಕ ಕುಂದರಿಸಿದ್ರಿ?" ಅಜಯನ ದನಿ ಏರಿತು. ಮಾಗ್ದಲೀನಾ ಸೀಗೆಕಾಯಿಯ ಕಡೆ ತಿರುಗಿದಳು.

ತಾಯಿ ಮಗ ರಸ್ತೆಯವರೆಗೆ ನಡೆದರು. ಅಲ್ಲಿ ಅವನ ಹೊಸ ಕಾರು ನಿಂತಿತ್ತು. ಅನ್ನಪೂರ್ಣಾಬಾಯಿ ಒಳಗೆ ಕಾಲಿಡಲು ಹೋದಾಗ ಅಜಯ ಅವಳ ರಟ್ಟೆ ಹಿಡಿದು ನಿಲ್ಲಿಸಿದ. ಡಿಕ್ಕಿಯಿಂದ ಹಳೆಯ ಪೇಪರು ತಂದು, ಒಂದೊಂದೇ ಹಾಳೆ ಬಿಡಿಸಿ ಸೀಟಿನ ತುಂಬ ಹಾಸತೊಡಗಿದ. ಮುದುಕಿ ಬಿಸಿಲಲ್ಲಿ ನಿಂತು ಕಾದಳು.