ಅಂಗಿಗೊಂದು ನೀರು, ಉಸಿರಿಗೊಂದು ನೀರು

ಅಜ್ಜಿ ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ, ಏಳು ಸುತ್ತಿನ ಕೋಟೆಯೊಳಗೆ, ಒಂದು ಗಿಳಿಯಲ್ಲಿ ಇರುತ್ತಿತ್ತು. ನಮ್ಮ ಗರಿಗರಿ ಮಾವನ ಪ್ರಾಣ ಹುಡುಕಲು ಅಷ್ಟು ದೂರ ಹೋಗಬೇಕಿರಲಿಲ್ಲ. ಅದು ಅವನ ಮಂಚದ ಪಕ್ಕದ ಸ್ಟೂಲಿನ ಮೇಲೆಯೇ ಕುಳಿತಿತ್ತು.

ಗರಿಗರಿ ಮಾವ ಎಂದರೆ ಬೀದಿ ಮೂಲೆಯ ಇಸ್ತ್ರಿ ಅಂಗಡಿಯವನು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟರೆ ಗೂನು ಬೆನ್ನೂ ನೆಟ್ಟಗಾಗುತ್ತದೆ ಎಂದು ಬೀದಿಯವರ ಮಾತು. ಅವನ ಗೊರಕೆಯೂ ಅಷ್ಟೇ ಹೆಸರುವಾಸಿ. ಆದರೆ ಆ ಗೊರಕೆ ನಡುನಡುವೆ ಥಟ್ಟನೆ ನಿಂತುಬಿಡುತ್ತಿತ್ತು, ಅದರ ಜೊತೆಗೆ ಉಸಿರೂ. ಹೆಂಡತಿ ಎದೆ ಹಿಡಿದುಕೊಂಡು ಕಾಯುತ್ತಿದ್ದಳು.

ನಿದ್ರೆಯಲ್ಲಿ ಗಂಟಲಿನ ದಾರಿ ಮುಚ್ಚಿ ಉಸಿರು ಕಟ್ಟುವ ಈ ಕಾಯಿಲೆಗೆ ಡಾಕ್ಟರು 'ಸ್ಲೀಪ್ ಅಪ್ನಿಯಾ' ಎಂದು ಹೆಸರು ಹೇಳಿ ಒಂದು ಯಂತ್ರ ಕೊಟ್ಟರು. ಮೂಗಿಗೆ ಮಾಸ್ಕ್, ಮಾಸ್ಕಿಗೆ ಕೊಳವೆ, ಕೊಳವೆಯ ತುದಿಗೆ ಗಾಳಿ ಊದುವ ಪೆಟ್ಟಿಗೆ. ಆ ಗಾಳಿ ಒಣಗಿರಬಾರದೆಂದು ಪೆಟ್ಟಿಗೆಯೊಳಗೊಂದು ನೀರಿನ ಡಬ್ಬಿ. ಅದರ ಹೆಸರು ಹ್ಯುಮಿಡಿಫೈಯರ್. ನಾಲಿಗೆ ಹೊರಳದೆ ಮಾವ ಅದನ್ನು 'ತೇವದ ಡಬ್ಬಿ' ಎಂದು ಕರೆದ.

ಮೊದಮೊದಲು ಮಗುವಿನಂಥ ನಿದ್ರೆ. ಆಮೇಲೆ ಮೂಗು ಕಟ್ಟತೊಡಗಿತು, ಗಂಟಲು ಕೆರೆಯಿತು, ಗಾಳಿಗೆ ಪಾಚಿಯ ವಾಸನೆ ಬಂತು. ರೇಗಿದ ಮಾವ ಯಂತ್ರವನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೇರಿಸಿದ. ರಾತ್ರಿ ಮತ್ತೆ ಉಸಿರು ಕಟ್ಟತೊಡಗಿತು, ಹಗಲೆಲ್ಲ ತೂಕಡಿಕೆ.

ಒಂದು ಬೆಳಿಗ್ಗೆ ಅವನ ತಂಗಿ ಅಂಗಡಿಗೆ ಬಂದಳು. ಆಸ್ಪತ್ರೆಯಲ್ಲಿ ನರ್ಸ್ ಅವಳು. ತನ್ನ ಬಿಳಿ ಕೋಟು ತೆಗೆದುಕೊಂಡು ಹೋಗಲು ಬಂದವಳಿಗೆ ಮೊದಲು ಸುಟ್ಟ ವಾಸನೆ ಹೊಡೆಯಿತು. ಅಣ್ಣ ನಿಂತಲ್ಲೇ ತೂಕಡಿಸುತ್ತಿದ್ದ. ಕೋಟಿನ ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆ ಹೊಗೆಯಾಡುತ್ತಿತ್ತು.

"ಅಣ್ಣಾ!"

ಮಾವ ಬೆಚ್ಚಿ ಇಸ್ತ್ರಿ ಎತ್ತಿದ. ಬಿಳಿ ಬಟ್ಟೆಯ ಮೇಲೆ ಕಂದು ಬಣ್ಣದ ಇಸ್ತ್ರಿ ಆಕಾರ. ಇಷ್ಟು ವರ್ಷದಲ್ಲಿ ಅವನ ಕೈಯಲ್ಲಿ ಸುಟ್ಟ ಮೊದಲ ಬಟ್ಟೆ ಅದು.

"ಕೋಟು ಹೋದ್ರೆ ಹೋಗ್ಲಿ. ಅಂಗಡಿಗೇ ಬೆಂಕಿ ಬಿದ್ದಿದ್ರೆ? ಯಂತ್ರ ಹಾಕ್ಕೊಂಡು ಮಲಗ್ತಿದ್ದೀಯಾ ಇಲ್ವಾ?"

"ಮೂಗಿಗಿಂತ ಮೂಗುತಿ ಭಾರ ಆಯ್ತು ಕಣೇ. ಅಟ್ಟಕ್ಕೆ ಹಾಕ್ದೆ."

ಬಟ್ಟೆ ಮಡಿಚುತ್ತಿದ್ದ ಹೆಂಡತಿ ತಲೆಯೆತ್ತಿದಳು. "ನೀನಾದ್ರೂ ಬುದ್ಧಿ ಹೇಳಮ್ಮಾ. ಇವರು ಅದನ್ನ ಅಟ್ಟಕ್ಕೆ ಹಾಕಿದ ದಿನದಿಂದ ನನ್ನ ನಿದ್ದೇನೂ ಅಟ್ಟದ ಮೇಲೇ ಇದೆ."

ಅಂಗಡಿಯ ಹಿಂದೆಯೇ ಮನೆ. ಯಂತ್ರ ಅಟ್ಟದಿಂದಿಳಿದು ಅಂಗಡಿಗೆ ಬಂತು. ತಂಗಿ ತೇವದ ಡಬ್ಬಿಯನ್ನು ಹೊರಗೆಳೆದು ಬೆಳಕಿಗೆ ಹಿಡಿದಳು. ತಳದಲ್ಲಿ ಸುಣ್ಣ ಬಳಿದಂತೆ ಬಿಳಿ ಪೊರೆ. ಅಂಚಿನಲ್ಲಿ ನಸುಗೆಂಪು ಲೋಳೆ.

"ಯಾವ ನೀರು ಹಾಕ್ತಿದ್ದೆ?"

"ನಲ್ಲಿ ನೀರು. ನಾವು ಕುಡಿಯೋದೇ ಅದು. ಕುಡಿಯೋಕಾಗತ್ತೆ, ಉಸಿರಿಗೆ ಆಗಲ್ವಾ?"

"ಹಳೇ ನೀರು ಚೆಲ್ಲಿ ತೊಳೀತಿದ್ಯಾ?"

"ನೀರನ್ನೇನು ತೊಳೆಯೋದೇ? ಕಡಿಮೆ ಆದಷ್ಟು ಮೇಲಿಂದ ತುಂಬಿಸ್ತಿದ್ದೆ."

ತಂಗಿ ಇಸ್ತ್ರಿ ಪೆಟ್ಟಿಗೆಯತ್ತ ಕೈತೋರಿಸಿದಳು. "ಇದು ಹಬೆ ಇಸ್ತ್ರಿ ಅಲ್ವಾ? ಇದಕ್ಕೂ ನಲ್ಲಿ ನೀರೇನಾ?"

"ಛೆ ಛೆ! ತಲೆ ಕೆಟ್ಟಿದ್ಯಾ ನಂಗೆ? ತೂತೆಲ್ಲ ಸುಣ್ಣ ಕಟ್ಟಿ, ಚಕ್ಕೆ ಉದುರಿ, ಗಿರಾಕಿ ಅಂಗಿ ಹಾಳಾಗತ್ತೆ. ಇದಕ್ಕೆ ಬಟ್ಟಿ ಇಳಿಸಿದ ನೀರೇ..."

ಮಾತು ಅರ್ಧಕ್ಕೇ ನಿಂತಿತು. ಹೆಂಡತಿ ಬಿಡುವವಳೇ? "ಭೇಷ್! ಊರವರ ಅಂಗಿಗೆ ಒಂದು ನೀರು, ನಿಮ್ಮ ಎದೆಗೆ ಇನ್ನೊಂದು ನೀರು!"

ತಂಗಿ ನಗಲಿಲ್ಲ. ಇಸ್ತ್ರಿಯನ್ನು ತಳ ಮೇಲಾಗುವಂತೆ ತಿರುಗಿಸಿ ಇಡಿಸಿದಳು. ಬಿಸಿ ತಳದ ಒಂದು ಕಡೆ ನಲ್ಲಿ ನೀರು ಹನಿಸಿದಳು, ಇನ್ನೊಂದು ಕಡೆ ಇಸ್ತ್ರಿಗೆಂದು ಕ್ಯಾನಿನಲ್ಲಿಟ್ಟಿದ್ದ ಬಟ್ಟಿ ಇಳಿಸಿದ ನೀರು. ಚುಂಯ್ ಎಂದಿತು. ಎರಡೂ ಹನಿ ಕುಣಿದು ಮಾಯವಾದವು. ಮತ್ತೆ ಮತ್ತೆ ಹನಿಸಿದಳು. ನಲ್ಲಿ ನೀರು ಬಿದ್ದ ಜಾಗದಲ್ಲಿ ಬಿಳಿ ಉಂಗುರ ಮೂಡಿತು. ಇನ್ನೊಂದು ಜಾಗ ಕನ್ನಡಿಯಂತೆ ಹೊಳೆಯಿತು.

ಮಾವ ಬಗ್ಗಿ ನೋಡಿದ. ಜೀವಮಾನವೆಲ್ಲ ಹಬೆಯ ಜೊತೆ ಬದುಕಿದವನು ಹಬೆಯನ್ನು ಇವತ್ತೇ ಕಂಡಂತೆ ನೋಡಿದ.

"ನೀರು ಹಬೆಯಾಗಿ ಏರುವಾಗ ಸುಣ್ಣ, ಉಪ್ಪು ಎಲ್ಲ ಕೆಳಗೇ ಬಿಟ್ಟು ಹೋಗತ್ತೆ ಅಣ್ಣ," ತಂಗಿ ಮೆಲ್ಲಗೆ ಹೇಳಿದಳು. "ಆ ಹಬೇನ ಹಿಡಿದು ತಣ್ಣಗೆ ಮಾಡಿದ್ರೆ ಬಟ್ಟಿ ಇಳಿಸಿದ ನೀರು."

"ಅಂದ್ರೆ... ಒಂದ್ಸಲ ಆಕಾಶಕ್ಕೆ ಹೋಗಿ ಬಂದ ನೀರು," ಎಂದ ಮಾವ. ಅವನ ದನಿ ಇಳಿದಿತ್ತು.

"ಹೂಂ, ಹಾಗೇ ಅನ್ಕೋ. ಬಿಳೀದು ಸುಣ್ಣ. ಈ ಲೋಳೆ ಇದೆಯಲ್ಲ, ಇದರಲ್ಲಿ ಜೀವ ಇದೆ. ಕಣ್ಣಿಗೆ ಕಾಣದ ಕ್ರಿಮಿಗಳು. ಬೆಚ್ಚಗೆ ನಿಂತ ನೀರು ಅವಕ್ಕೆ ತೊಟ್ಟಿಲು. ಅದರ ಮೇಲೆ ಹಾದು ಬಂದ ಗಾಳೀನ ನೀನು ರಾತ್ರಿಯೆಲ್ಲ ಎಳ್ಕೊಂಡಿದ್ದೀಯ."

ಅಂಗೈಯಗಲದ ಡಬ್ಬಿ. ಅದರಲ್ಲೊಂದು ಊರಿಗೆ ಊರೇ! ಮಾವ ತನಗರಿವಿಲ್ಲದೆಯೇ ಎದೆ ಮುಟ್ಟಿಕೊಂಡ.

"ಕುದಿಸಿ ಆರಿಸಿ ಹಾಕಿದ್ರೆ?" ಹೆಂಡತಿ ಕೇಳಿದಳು.

"ಕುದಿಸಿದ್ರೆ ಕ್ರಿಮಿ ಸಾಯ್ತವೆ ಅತ್ತಿಗೆ, ಸುಣ್ಣ ಸಾಯಲ್ಲ. ಎಲ್ಲೂ ಸಿಗದ ದಿನ ಒಂದು ರಾತ್ರಿಗೆ ಪರವಾಗಿಲ್ಲ, ಅಭ್ಯಾಸ ಬೇಡ."

ಮಾವ ಹುರುಪಿನಿಂದ ಕ್ಯಾನ್ ಎತ್ತಿಕೊಂಡ. "ಹಾಗಾದ್ರೆ ಇದನ್ನೇ ತುಂಬ್ತೀನಿ. ಎರಡು ಹನಿ ಮಲ್ಲಿಗೆ ಸೆಂಟೂ ಬಿಟ್ಟರೆ ಕನಸೆಲ್ಲ ಘಮಘಮ!"

"ಅಯ್ಯೋ ಮಾರಾಯ! ಅಂಗಿ ಉಸಿರಾಡಲ್ಲ, ನೀನು ಆಡ್ತೀಯ. ಸೆಂಟು, ಎಣ್ಣೆ, ಔಷಧಿ ಏನೂ ಬೇಡ. ಈ ಕ್ಯಾನ್ ಬಾಯಿ ತೆಗೆದು ಎಷ್ಟು ಕಾಲ ಆಯ್ತೋ. ಔಷಧಿ ಅಂಗಡೀಲಿ ಸೀಲ್ ಇರೋ ಡಿಸ್ಟಿಲ್ಡ್ ವಾಟರ್, ಅಂದ್ರೆ ಇದೇ ಬಟ್ಟಿ ಇಳಿಸಿದ ನೀರು, ಕೇಳು."

ಆಮೇಲೆ ಮೂವರೂ ಸೇರಿ ಡಬ್ಬಿಯನ್ನು ಬಿಳಿ ವಿನಿಗರ್ ಬೆರೆಸಿದ ನೀರಿನಲ್ಲಿ ನೆನೆಸಿಟ್ಟರು. ಸುಣ್ಣ ಗುಳ್ಳೆಗುಳ್ಳೆಯಾಗಿ ಕರಗುವುದನ್ನು ಮಾವ ಕೆನ್ನೆಗೆ ಕೈಕೊಟ್ಟು ನೋಡುತ್ತ ಕುಳಿತ. ಗಿರಾಕಿಗಳು ಬಂದು ಕೂಗಿದರೂ ಏಳಲಿಲ್ಲ. ಲೋಳೆಯನ್ನು ಸೋಪಿನ ನೀರಿನಲ್ಲಿ ತೊಳೆದರು. ಮಾಸ್ಕು, ಕೊಳವೆಗೂ ಸ್ನಾನವಾಯಿತು. ಮೂಗು ಗಂಟಲಿನ ತೊಂದರೆಯನ್ನು ಡಾಕ್ಟರಿಗೇ ತೋರಿಸಬೇಕೆಂದು ತಂಗಿ ಅವನನ್ನು ಆಸ್ಪತ್ರೆಗೂ ಕರೆದುಕೊಂಡು ಹೋದಳು. ಸುಟ್ಟ ಕೋಟನ್ನೇ ತೊಟ್ಟು ಹೊರಟಿದ್ದಳು. "ಇರ್ಲಿ, ನಿನಗೆ ನೆನಪಿಗೆ," ಎಂದಳು.

ಈಗ ಮಾವ ಎದ್ದ ಕೂಡಲೇ ಮೊದಲು ಡಬ್ಬಿಯ ನೀರು ಚೆಲ್ಲುತ್ತಾನೆ, ಆಮೇಲೆ ಅಂಗಡಿ ಬಾಗಿಲು ತೆಗೆಯುತ್ತಾನೆ. ಹೆಂಡತಿ ಅವನಿಗಿಂತ ತಡವಾಗಿ ಏಳುತ್ತಾಳೆ. ಮದುವೆಯಾದ ಮೇಲೆ ಇದೇ ಮೊದಲು. "ಗೊರಕೆ ಹೊಡೀತಿದ್ದೆ ನೀನು," ಎಂದು ಅವನು ಛೇಡಿಸಿದರೆ, "ಹೊಡೀತೀನಿ ಬಿಡಿ, ಎಷ್ಟು ವರ್ಷದ ಬಾಕಿ ಅದು," ಎನ್ನುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥ ಯಂತ್ರವಿದ್ದರೆ ಇವತ್ತೇ ಅದರ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ. ಸ್ವಿಚ್ ಆರಿಸಿ, ವೈರು ಕಿತ್ತು, ತಣ್ಣಗಾದ ಮೇಲೆ ತೆಗೆಯಿರಿ. ದಿನಾ ಬೆಳಿಗ್ಗೆ ಉಳಿದ ನೀರು ಚೆಲ್ಲಿ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ, ನೆರಳಿನಲ್ಲಿ ಒಣಗಿಸಿ. ವಾರಕ್ಕೊಮ್ಮೆ ಒಂದು ಪಾಲು ಬಿಳಿ ವಿನಿಗರ್‌ಗೆ ಮೂರು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಿ ತೊಳೆಯಿರಿ. ನಿಮ್ಮ ಯಂತ್ರದ ಕೈಪಿಡಿ ಬೇರೆ ರೀತಿ ಹೇಳಿದ್ದರೆ ಅದರಂತೆಯೇ ಮಾಡಿ. ಮಲಗುವ ಮುಂಚೆ ಬಟ್ಟಿ ಇಳಿಸಿದ ಹೊಸ ನೀರನ್ನು ಡಬ್ಬಿಯ ಮೇಲೆ ಗುರುತು ಮಾಡಿದ ಗೆರೆ ಮೀರದಂತೆ ತುಂಬಿ. ಡಬ್ಬಿ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ತೊಂದರೆ ಬಂದರೆ ಡಾಕ್ಟರನ್ನು ಕೇಳಿ, ಯಂತ್ರವನ್ನು ಮಾತ್ರ ಅಟ್ಟಕ್ಕೇರಿಸಬೇಡಿ.

ರಾಕ್ಷಸ ತನ್ನ ಗಿಳಿಯನ್ನು ಏಳು ಸುತ್ತಿನ ಕೋಟೆಯಲ್ಲಿಟ್ಟು ಕಾದ. ನಿಮ್ಮ ಗಿಳಿ ಕೇಳುವುದು ಒಂದು ಬಟ್ಟಲು ಶುದ್ಧ ನೀರನ್ನು ಮಾತ್ರ.